ಮಾತೂ ಧಾತೂ ಒಂದೇ ಕೈಯಲ್ಲಿ

ಆಕಾಶವಾಣಿಯಲ್ಲಿ ಚಿತ್ರಗೀತೆಯೊಂದನ್ನು ಬಿತ್ತರಿಸುವ ಮೊದಲು ಉದ್ಘೋಷಕರು ನಾಲ್ಕು ಸಂಗತಿಗಳನ್ನು ಹೇಳುವುದು ವಾಡಿಕೆ: ಚಿತ್ರದ ಹೆಸರು, ಹಾಡಿದವರ ಹೆಸರು, ಸಾಹಿತ್ಯ ರಚಿಸಿದವರ ಹೆಸರು, ಸಂಗೀತ ನೀಡಿದವರ ಹೆಸರು. ಕನ್ನಡ ಚಿತ್ರಗೀತೆಯ ಮೊದಲ ಐದು ದಶಕಗಳಲ್ಲಿ ಈ ಕೊನೆಯ ಎರಡು ಹೆಸರುಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಇದ್ದವು. ಚಿ. ಉದಯಶಂಕರರ ಸಾಹಿತ್ಯ, ಜಿ.ಕೆ. ವೆಂಕಟೇಶರ ಸಂಗೀತ, ವಿಜಯನಾರಸಿಂಹರ ಸಾಹಿತ್ಯ, ವಿಜಯಭಾಸ್ಕರರ ಸಂಗೀತ ಎಂದು ಕೇಳಿ ನಮ್ಮ ಕಿವಿಗಳು ಪಳಗಿದ್ದವು. 1980ರ ದಶಕದ ನಡುವಿನಿಂದೀಚೆಗೆ ಆ ಎರಡು ಹೆಸರುಗಳು ಒಂದಾಗಿ, "ಸಾಹಿತ್ಯ ಮತ್ತು ಸಂಗೀತ, ಹಂಸಲೇಖ" ಎಂಬ ಮಾತು ದಿನಕ್ಕೆ ಹಲವು ಸಲ ಕೇಳಿಬರತೊಡಗಿತು. ಕೇಳುಗರು ಇದನ್ನು ಒಂದು ಸಣ್ಣ ಅನುಕೂಲವೆಂದು ತಿಳಿದಿರಬಹುದು. ವಿಚಾರಿಸಿ ನೋಡಿದರೆ ಈ ಒಂದು ಮಾತಿನ ಹಿಂದೆ ನಮ್ಮ ನಾಡಿನ ಹಾಡುಗಾರಿಕೆಯ ಎಂಟುನೂರು ವರ್ಷಗಳ ಒಂದು ಪ್ರಶ್ನೆ ಅಡಗಿದೆ. ಹಾಡು ಎಂಬುದು ಯಾರ ಸೃಷ್ಟಿ? ಪದ ಕಟ್ಟಿದವನದೋ, ಸ್ವರ ಕಟ್ಟಿದವನದೋ?

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಳ್ಳದೆ ಬಿಟ್ಟವರಲ್ಲ. ಅದನ್ನು ಶಾಸ್ತ್ರವಾಗಿ ವಿವೇಚಿಸಿದ ಗ್ರಂಥಗಳಲ್ಲಿ ಮುಖ್ಯವಾದವು ಹುಟ್ಟಿದುದು ನಮ್ಮ ಬೀದರಿನ ನೆರೆಹೊರೆಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗೀತವಿನೋದಕ್ಕೆಂದೇ ಒಂದು ಭಾಗವಿದೆ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ 'ಓವಿ'ಯನ್ನು ಸಹ ಆ ಚಕ್ರವರ್ತಿ ಮರೆತಿಲ್ಲ. ಅವನ ಮಗ ಎರಡನೆಯ ಜಗದೇಕಮಲ್ಲನು 'ಸಂಗೀತ ಚೂಡಾಮಣಿ'ಯನ್ನು ಬರೆದನು. ಮುಂದಿನ ಶತಮಾನದಲ್ಲಿ, ಈ ಸೀಮೆಯೆಲ್ಲ ದೇವಗಿರಿಯ ಸೇವುಣರ ಆಳ್ವಿಕೆಗೆ ಬಂದ ಮೇಲೆ, ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ರಚಿಸಿದನು. ಅವನ ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಆ ಗ್ರಂಥದ ಪ್ರಬಂಧಾಧ್ಯಾಯದಲ್ಲಿ ನಮ್ಮ ತ್ರಿಪದಿ ಷಟ್ಪದಿಗಳೂ ಸ್ಥಾನ ಪಡೆದಿವೆ.

ಶಾರ್ಙ್ಗದೇವನ ವಿವೇಚನೆ ಲೆಕ್ಕಿಗನ ವಿವೇಚನೆಯಂತೆ ಖಚಿತವಾಗಿದೆ. ಹಾಡಿನಲ್ಲಿರುವ ಪದಭಾಗಕ್ಕೆ ಅವನು 'ಮಾತು' ಎನ್ನುತ್ತಾನೆ. ಸ್ವರಭಾಗಕ್ಕೆ 'ಧಾತು' ಎನ್ನುತ್ತಾನೆ. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಎರಡರಲ್ಲಿಯೂ ಸಮರ್ಥನಾದವನು ಉತ್ತಮ. ಧಾತುವಿನಲ್ಲಿ ಗಟ್ಟಿಯಾಗಿದ್ದು ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತು ರಮ್ಯವಾಗಿದ್ದರೂ ಧಾತು ಮಂದವಾಗಿದ್ದರೆ ಅವನು ಅಧಮ. ಇವರೆಲ್ಲರ ಆಚೆಗೆ ಇನ್ನೊಬ್ಬನಿದ್ದಾನೆ. ಬೇರೆಯವರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನು. ಅವನಿಗೆ ಶಾರ್ಙ್ಗದೇವನಿತ್ತ ಹೆಸರು 'ಕುಟ್ಟಿಕಾರ'. ಇಂದಿನ ಚಲನಚಿತ್ರದಲ್ಲಿ ಸಂಗೀತ ನಿರ್ದೇಶಕರು ಹಾಕಿಕೊಟ್ಟ ಟ್ಯೂನಿಗೆ ಪದ ತುಂಬುವ ಗೀತರಚನಕಾರನನ್ನು ಹದಿಮೂರನೆಯ ಶತಮಾನದ ಪಂಡಿತನು ಕಂಡಿದ್ದನೇನೋ ಎನ್ನಿಸುವಷ್ಟು ಈ ಲಕ್ಷಣ ಹೊಂದುತ್ತದೆ.

ಇಂಥ ಉಭಯ ಸಾಮರ್ಥ್ಯ ನಮ್ಮಲ್ಲಿ ಅಪರೂಪವೇನೂ ಆಗಿರಲಿಲ್ಲ. ಕಲ್ಯಾಣದ ಶರಣರು ವಚನಗಳನ್ನಷ್ಟೇ ಅಲ್ಲದೆ ಹಾಡಲೆಂದೇ ರಚಿಸಿದ ಸ್ವರವಚನಗಳನ್ನೂ ಬಿಟ್ಟುಹೋಗಿದ್ದಾರೆ. ಪುರಂದರದಾಸರು ಹಾಡುತ್ತಲೇ ಕಟ್ಟಿದರು. ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ದಖ್ಖನಿಯಲ್ಲಿ ರಾಗ ನಿರ್ದೇಶನ ಸಹಿತವಾಗಿ 'ಕಿತಾಬ್-ಎ-ನವರಸ್' ಎಂಬ ಗೀತಸಂಕಲನವನ್ನು ರಚಿಸಿದನು. 1619ರಲ್ಲಿ ಬೀದರು ಅವನ ರಾಜ್ಯಕ್ಕೆ ಸೇರಿತು. ಆದರೆ ಇವರೆಲ್ಲರಿಗೂ ಸಮಾನವಾದ ಒಂದು ದುರ್ವಿಧಿಯಿದೆ. ಅವರ ಮಾತು ತಾಳೆಯೋಲೆಯಲ್ಲಿ, ಕಾಗದದಲ್ಲಿ, ಆಮೇಲೆ ಅಚ್ಚಿನಲ್ಲಿ ಉಳಿಯಿತು. ಧಾತು ಗಾಳಿಗೆ ಹೋಯಿತು. ಪುರಂದರದಾಸರ ಪದಗಳನ್ನು ಇಂದು ನಾವು ಕೇಳುವುದು ಬಹುಪಾಲು ಅನಂತರದ ವಿದ್ವಾಂಸರು ಅಳವಡಿಸಿದ ರಾಗಗಳಲ್ಲಿ. ವಚನಗಳಿಗೆ ಸ್ವರಸಂಯೋಜನೆ ಮಾಡಿದವರು ಇಪ್ಪತ್ತನೆಯ ಶತಮಾನದ ಗಾಯಕರು. ಹೀಗೆ ನಮ್ಮ ವಾಗ್ಗೇಯಕಾರರೆಲ್ಲ ಕಾಲಕ್ರಮದಲ್ಲಿ ಬರಿಯ ಕವಿಗಳಾಗಿ ನಮ್ಮ ಕೈಗೆ ಬಂದಿದ್ದಾರೆ. ಸಾಹಿತ್ಯ ಚರಿತ್ರೆ ಅವರನ್ನು ಓದಿತು; ಅವರನ್ನು ಕೇಳುವ ಭಾಗ್ಯ ಅದಕ್ಕಿರಲಿಲ್ಲ.

ಮಾತು ಧಾತುಗಳು ಬೇರೆ ಬೇರೆ ಮನೆ ಹೂಡಿದುದು ವೃತ್ತಿ ರಂಗಭೂಮಿಯ ಕಾಲದಲ್ಲಿ ಸ್ಪಷ್ಟವಾಯಿತು. ಕಂಪನಿ ನಾಟಕದ ಕವಿಗಳು ಜನಪ್ರಿಯವಾಗಿದ್ದ ಮರಾಠಿ, ಪಾರ್ಸಿ, ಹಿಂದುಸ್ತಾನಿ ಮಟ್ಟುಗಳನ್ನು ಮುಂದಿಟ್ಟುಕೊಂಡು ಕನ್ನಡದ ಪದಗಳನ್ನು ಕೂಡಿಸಿದರು. 1934ರ ಮಾರ್ಚಿಯಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಸಂಭಾಷಣೆ, ಗೀತೆಗಳನ್ನು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೂ ಆ ರಂಗಭೂಮಿಯಿಂದಲೇ ಬಂದವರು. ಅನಂತರ ಕು.ರಾ. ಸೀತಾರಾಮಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಚಿ. ಸದಾಶಿವಯ್ಯ, ಗೀತಪ್ರಿಯ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಮೊದಲಾದವರು ಚಿತ್ರಗೀತೆಗೆ ಕನ್ನಡದ ಸೊಗಸನ್ನು ತಂದರು. ಅವರ ಸಾಧನೆ ಸಣ್ಣದಲ್ಲ. ಆದರೆ ಕೆಲಸದ ಕ್ರಮ ಮಾತ್ರ ಹೆಚ್ಚಾಗಿ ಒಂದೇ: ಸನ್ನಿವೇಶವನ್ನು ನಿರ್ದೇಶಕರು ವಿವರಿಸುವರು, ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ 'ತಾನನ' ಎಂದು ಮಟ್ಟು ಹಿಡಿಯುವರು, ಕವಿ ಆ ಅಳತೆಗೆ ಪದ ಹೊಲಿಯುವನು.

ಇದರಲ್ಲಿ ತೊಡಕೇನು ಎಂದು ಕೇಳಬಹುದು. ಕನ್ನಡ ಹ್ರಸ್ವದೀರ್ಘಗಳ ಮೇಲೆ ನಿಂತ ಭಾಷೆ. ಮಟ್ಟಿನಲ್ಲಿ ದೀರ್ಘವಾಗಿ ನಿಲ್ಲಬೇಕಾದ ಸ್ವರದ ಕೆಳಗೆ ಹ್ರಸ್ವಾಕ್ಷರ ಬಂದು ಕುಳಿತರೆ 'ಬಳೆ' ಎಂಬುದು 'ಬಾಳೆ'ಯಾಗುತ್ತದೆ; 'ಮರ' ಹೋಗಿ 'ಮಾರ' ಬರುತ್ತಾನೆ. ಕವಿ ಎಷ್ಟೇ ಎಚ್ಚರದಿಂದಿದ್ದರೂ ಸ್ವರವನ್ನು ಒಂದಿಷ್ಟು ಸರಿಸುವ ಅಧಿಕಾರ ಅವನಿಗಿಲ್ಲ. ಸಂಗೀತ ನಿರ್ದೇಶಕನಿಗೆ ಆ ಅಧಿಕಾರವಿದ್ದರೂ, ಅವನ ಮನೆಮಾತು ಕೆಲವೊಮ್ಮೆ ಕನ್ನಡವಾಗಿರುವುದಿಲ್ಲ. ಒಳ್ಳೆಯ ಜೋಡಿಗಳು ಮಾತುಕತೆಯಿಂದ ಈ ಕಂದಕವನ್ನು ದಾಟಿದವು. ಹಾಗಲ್ಲದ ಕಡೆಗಳಲ್ಲಿ ಪದ ಸೋತು ಮಟ್ಟು ಗೆದ್ದಿತು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಫ್ರೆಂಚರು ಇದನ್ನು ಬಹುಕಾಲದಿಂದ ಬಲ್ಲವರು. ಪದ ಬರೆದು, ತಾನೇ ಸ್ವರ ಹಾಕಿ, ತಾನೇ ಹಾಡುವವನಿಗೆ ಅವರ ಭಾಷೆಯಲ್ಲಿ ಒಂದು ಕೂಡುಪದವೇ ಬಳಕೆಯಲ್ಲಿದೆ. ಅವರ ರಾಷ್ಟ್ರಗೀತೆ 'ಮಾರ್ಸೆಯೇಸ್' ಹುಟ್ಟಿದುದೂ ಹಾಗೆಯೇ. 1792ರ ಏಪ್ರಿಲಿನ ಒಂದು ರಾತ್ರಿ ಸ್ಟ್ರಾಸ್‌ಬುರ್ಗ್ ನಗರದಲ್ಲಿ ರೂಜೆ ದ ಲೀಲ್ ಎಂಬ ಸೇನಾಧಿಕಾರಿ ಅದರ ಪದವನ್ನೂ ಮಟ್ಟನ್ನೂ ಕೂಡಿಯೇ ಕಟ್ಟಿದನು. ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯ ಹೆಸರಾಂತ ವ್ಯಕ್ತಿಗಳಲ್ಲಿ ಸೆರ್ಜ್ ಗೇನ್ಸ್‌ಬೂರ್ ಒಬ್ಬ. ರಷ್ಯದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ 1928ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆ ಪಿಯಾನೋ ವಾದಕ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದ ದಿನಗಳಲ್ಲಿ ಯಹೂದಿಗಳು ಎದೆಯ ಮೇಲೆ ಧರಿಸಬೇಕಾಗಿದ್ದ ಹಳದಿ ನಕ್ಷತ್ರವನ್ನು ಬಾಲ್ಯದಲ್ಲಿ ತೊಟ್ಟವನು. ಅವನ ಮೊದಲ ಧ್ವನಿಮುದ್ರಿಕೆ 1958ರಲ್ಲಿ ಹೊರಬಂದಿತು. ಅಲ್ಲಿಂದ ಮುಂದೆ ತನಗಾಗಿ, ಇತರ ಗಾಯಕಿಯರಿಗಾಗಿ ಹಾಡು ಕಟ್ಟಿದನು. ಹತ್ತಾರು ಚಲನಚಿತ್ರಗಳಿಗೆ ಸಂಗೀತ ನೀಡಿದನು. ವಾದ್ಯವೃಂದದ ಹೊಂದಾಣಿಕೆಗೆ ಮಾತ್ರ ಆಲೆಂ ಗೊರಾಗೇರ್, ಮಿಷೆಲ್ ಕೊಲಂಬಿಯೇ ಮುಂತಾದವರ ನೆರವನ್ನು ಪಡೆಯುತ್ತಿದ್ದನು. 1979ರಲ್ಲಿ ಅವನು 'ಮಾರ್ಸೆಯೇಸ್' ಗೀತೆಯನ್ನು ಜಮೈಕದ ರೆಗೆ ಲಯಕ್ಕೆ ಅಳವಡಿಸಿದಾಗ ಮಾಜಿ ಸೈನಿಕರು ಕೆರಳಿದರು. ಮರುವರ್ಷ ಸ್ಟ್ರಾಸ್‌ಬುರ್ಗಿನಲ್ಲಿಯೇ ಅವರು ಅವನ ಕಚೇರಿಯನ್ನು ತಡೆಯಲು ಬಂದರು. ವಾದ್ಯದವರಿಲ್ಲದೆ ಒಬ್ಬನೇ ವೇದಿಕೆಗೆ ಬಂದು ಆ ಗೀತೆಯನ್ನು ಅದರ ಮೂಲ ಮಟ್ಟಿನಲ್ಲಿ ಹಾಡಿ ಅವನು ನಿರ್ಗಮಿಸಿದನು. ಪದ ಬದಲಾಗದೆ ಧಾತು ಮಾತ್ರ ಬದಲಾದರೆ ಹಾಡಿನ ಅರ್ಥವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1991ರ ಮಾರ್ಚಿಯಲ್ಲಿ ಅವನು ತೀರಿಕೊಂಡನು.

ಗೇನ್ಸ್‌ಬೂರನಿಗೆ ಪ್ಯಾರಿಸಿನ ಗಾನಗೃಹಗಳಿದ್ದವು. ಸಿನಿಮಾ ಅವನಿಗೆ ಎರಡನೆಯ ಅಂಗಳ. ಕನ್ನಡದಲ್ಲಿ ಅಂಥ ವೃತ್ತಿಪರ ಗಾನಗೃಹಗಳು ಬೆಳೆಯಲಿಲ್ಲ. ಇಲ್ಲಿ ವಾಗ್ಗೇಯಕಾರನಾಗಬಯಸಿದವನು ಸಿನಿಮಾದೊಳಗೇ, ಅದರ ಗಡಿಬಿಡಿಯ ನಡುವೆಯೇ, ತನ್ನ ಜಾಗವನ್ನು ಮಾಡಿಕೊಳ್ಳಬೇಕಾಗಿತ್ತು. ಹಾಗೆ ಮಾಡಿಕೊಂಡವರು ಹಂಸಲೇಖ.

ಅವರ ಜನ್ಮನಾಮ ಗಂಗರಾಜು. ಹುಟ್ಟಿದುದು 1951ರ ಜೂನ್ 23ರಂದು. ಲಾವಣಿ ನೀಲಕಂಠಪ್ಪನವರ ಬಳಿ ಅವರು ಪಾಠ ಹೇಳಿಸಿಕೊಂಡರು. ಲಾವಣಿ ಎಂಬುದು ಕನ್ನಡ ಮರಾಠಿಗಳೆರಡಕ್ಕೂ ಸೇರಿದ ಸೊತ್ತು. ಸವಾಲು ಬಿದ್ದೊಡನೆ ನಿಂತ ನಿಲುವಿನಲ್ಲಿ ಪದ ಕಟ್ಟುವುದು, ಕಟ್ಟಿದುದನ್ನು ಲಯ ತಪ್ಪದಂತೆ ಹಾಡುವುದು ಅದರ ಧರ್ಮ. ಮಾತು ಧಾತುಗಳು ಅಲ್ಲಿ ಬೇರ್ಪಡುವ ಪ್ರಶ್ನೆಯೇ ಇಲ್ಲ. 'ಸ್ವಾನ್' ಎಂಬ ಹೆಸರಿನ ಲೇಖನಿಯಿಂದ ಬರೆಯುತ್ತಿದ್ದ ಕಾರಣ ಹಂಸಲೇಖನಿ ಎಂಬ ಹೆಸರು ಬಂದು, ಅದು ಹಂಸಲೇಖ ಎಂದು ನಿಂತಿತು. ನಾಟಕ, ವಾದ್ಯಗೋಷ್ಠಿಗಳ ಒಡನಾಟದಲ್ಲಿ ಅವರ ಯೌವನ ಕಳೆಯಿತು.

1973ರ 'ತ್ರಿವೇಣಿ' ಚಿತ್ರಕ್ಕೆ ಬರೆದ ಗೀತೆಯಿಂದ ಅವರು ಚಿತ್ರರಂಗವನ್ನು ಪ್ರವೇಶಿಸಿದರು. ಪ್ರವೇಶಿಸಿದರು ಎಂದರೆ ಬಾಗಿಲು ತೆರೆಯಿತೆಂದು ಅರ್ಥವಲ್ಲ. ಹೆಸರು ನಾಲ್ಕು ಜನರ ಬಾಯಲ್ಲಿ ನಿಲ್ಲಬೇಕಾದರೆ ಮತ್ತೆ ಹನ್ನೆರಡು ವರ್ಷ ಬೇಕಾಯಿತು. 1985ರ 'ನಾನು ನನ್ನ ಹೆಂಡ್ತಿ' ಚಿತ್ರದಲ್ಲಿ ಶಂಕರ್-ಗಣೇಶ್ ಜೋಡಿಯ ಸಂಗೀತಕ್ಕೆ ಅವರು ಬರೆದ ಹಾಡುಗಳು ಜನರ ಬಾಯಿಗೆ ಬಂದವು. ಶಾರ್ಙ್ಗದೇವನ ಲೆಕ್ಕದಲ್ಲಿ ಅವರು ಆಗಿನ್ನೂ ಕುಟ್ಟಿಕಾರರು. ಆ ಚಿತ್ರದ ನಾಯಕ ವಿ. ರವಿಚಂದ್ರನ್ ಎರಡು ವರ್ಷಗಳ ಅನಂತರ ತಾವೇ ನಿರ್ದೇಶಿಸಿದ 'ಪ್ರೇಮಲೋಕ'ಕ್ಕೆ ಸಾಹಿತ್ಯ ಸಂಗೀತಗಳೆರಡನ್ನೂ ಅವರಿಗೆ ಒಪ್ಪಿಸಿದರು. 1987ರಲ್ಲಿ ಬಂದ ಆ ಚಿತ್ರ ಕನ್ನಡ ಚಿತ್ರಗೀತೆಯ ಇತಿಹಾಸವನ್ನು ಎರಡು ಹೋಳಾಗಿ ವಿಂಗಡಿಸಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

'ಪ್ರೇಮಲೋಕ'ದ ಹೊಸತನವನ್ನು ಹಲವರು ವಾದ್ಯಗಳಲ್ಲಿ, ಅದರ ವೇಗದಲ್ಲಿ ಗುರುತಿಸಿದರು. ಅದು ಅರ್ಧ ಸತ್ಯ. ನಿಜವಾದ ಹೊಸತನ ಮಾತು ನಡೆಯುವ ರೀತಿಯಲ್ಲಿತ್ತು. ಕಾಲೇಜಿನ ಹುಡುಗರು ಪರಸ್ಪರ ಕೆಣಕುವುದು, ಹುಡುಗಿ ತಿರುಗಿ ಉತ್ತರ ಕೊಡುವುದು, ಗುಂಪು ನಡುವೆ ಬಾಯಿ ಹಾಕುವುದು, ಇವೆಲ್ಲ ಅಲ್ಲಿ ಸಂಭಾಷಣೆಯ ಧಾಟಿಯಲ್ಲಿಯೇ ಹಾಡಾಗಿವೆ. ಒಂದು ಸಾಲು ನಾಲ್ಕು ಮಾತ್ರೆಗೆ ಮುಗಿದರೆ ಮುಂದಿನದು ಹನ್ನೆರಡಕ್ಕೆ ಹರಿಯುತ್ತದೆ. ಪ್ರಶ್ನೆಯ ಏರುದನಿ ಸ್ವರದಲ್ಲಿಯೂ ಏರುತ್ತದೆ. ಸಿದ್ಧವಾದ ಮಟ್ಟಿಗೆ ಪದ ತುಂಬುವವನು ಇದನ್ನು ಮಾಡಲಾರ. ಪದ್ಯ ಬರೆದುಕೊಟ್ಟು ಮನೆಗೆ ಹೋಗುವವನೂ ಮಾಡಲಾರ. ಪದ ಮೊಟಕಾದರೆ ಸ್ವರವನ್ನು ಕತ್ತರಿಸುವ, ಸ್ವರ ಬೇಡಿದರೆ ಪದವನ್ನೇ ಬದಲಿಸುವ ಎರಡು ಅಧಿಕಾರಗಳೂ ಒಂದೇ ಕೈಯಲ್ಲಿರಬೇಕು. ಲಾವಣಿಕಾರನ ಆ ಹಳೆಯ ಸ್ವಾತಂತ್ರ್ಯ ಹೀಗೆ ಧ್ವನಿಮುದ್ರಣ ಮಂದಿರದೊಳಗೆ ಮರಳಿ ಬಂದಿತು.

ಇನ್ನೊಂದು ಕಾರಣವನ್ನೂ ಹೇಳಬೇಕು. ಅದೇ ಕಾಲಕ್ಕೆ ಕ್ಯಾಸೆಟ್ಟು ಹಳ್ಳಿಯವರೆಗೂ ಬಂದಿತ್ತು. ಹಾಡು ಕೇಳಬೇಕಾದರೆ ಟೆಂಟಿಗೆ ಹೋಗಬೇಕು, ಇಲ್ಲವೆ ರೇಡಿಯೋದವರು ಹಾಕುವವರೆಗೆ ಕಾಯಬೇಕು ಎಂಬ ಸ್ಥಿತಿ ಕಳೆದು, ಒಂದೇ ಹಾಡನ್ನು ಹತ್ತು ಸಲ ತಿರುಗಿಸಿ ಕೇಳುವುದು ಸಾಧ್ಯವಾಯಿತು. ಹತ್ತು ಸಲ ಕೇಳುವವನಿಗೆ ಪದಗಳು ಕಿವಿಗೆ ಬೀಳುತ್ತವೆ. ಪದಗಳಲ್ಲಿ ಹುರುಳಿಲ್ಲದಿದ್ದರೆ ಅದೂ ತಿಳಿಯುತ್ತದೆ. ಹಂಸಲೇಖರ ಪ್ರಾಸಪ್ರಿಯತೆ, ಚಮತ್ಕಾರ, ಗಾದೆಗಳನ್ನು ತಿರುಚಿ ಹೊಸದು ಮಾಡುವ ಚುರುಕು, ಇವೆಲ್ಲ ಇಂಥ ಕೇಳುಗರಿಗಾಗಿಯೇ ಬೆಳೆದಂತಿವೆ.

ಮುಂದಿನ ಹತ್ತು ವರ್ಷಗಳು ಅವರ ಉಚ್ಛ್ರಾಯದ ಕಾಲ. 'ರಣಧೀರ' (1988), 'ರಾಮಾಚಾರಿ' (1991), 'ಹಳ್ಳಿ ಮೇಷ್ಟ್ರು' (1992) ಮುಂತಾದವು ರವಿಚಂದ್ರನ್ ಅವರೊಡನೆ ಬಂದವು. ಅವುಗಳ ಪಕ್ಕದಲ್ಲಿ ಬೇರೆ ಬಗೆಯ ಚಿತ್ರಗಳೂ ಇವೆ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990) ಯೋಧನೊಬ್ಬನ ಬಾಳಿನ ಕಥೆ. ಅದರಲ್ಲಿ ಕರ್ನಾಟಕ ಸಂಗೀತದ ಮಹಾ ವಿದ್ವಾಂಸರಾದ ಎಂ. ಬಾಲಮುರಳಿಕೃಷ್ಣ ಅವರಿಂದ ಹಾಡಿಸಿದರು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಆಕಸ್ಮಿಕ' (1993) ಚಿತ್ರಕ್ಕೆಂದು ಅವರು ಕಟ್ಟಿ, ಡಾ. ರಾಜಕುಮಾರ್ ಹಾಡಿದ ನಾಡಗೀತೆಯಂಥ ಹಾಡು ಇಂದಿಗೂ ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಮೊಳಗುತ್ತದೆ. ಸಿನಿಮಾದ ಕಥೆ ಮರೆತವರಿಗೂ ಆ ಹಾಡು ಮರೆತಿಲ್ಲ. ಜಟಕಾಗಾಡಿಯ ಓಟದ ಲಯಕ್ಕೆ ಒಂದು ನಾಡಿನ ಅಭಿಮಾನವನ್ನು ಹೊಂದಿಸಿದ ಆ ಉಪಾಯ ಕವಿಯದೋ ಸಂಗೀತಗಾರನದೋ ಎಂದು ಬೇರ್ಪಡಿಸಿ ಹೇಳಲಾಗದು.

1995ರ 'ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಪಂಚಾಕ್ಷರ ಗವಾಯಿಗಳು (1892–1944) ಹುಟ್ಟುಗುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಹಿಂದುಸ್ತಾನಿ ಕರ್ನಾಟಕ ಪದ್ಧತಿಗಳೆರಡನ್ನೂ ಸಾಧಿಸಿ, ಅಂಧರಿಗೂ ಅನಾಥರಿಗೂ ಸಂಗೀತದ ಮೂಲಕ ಬಾಳು ಕೊಟ್ಟ ಮಹಾನುಭಾವರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರ ಸ್ಮಾರಕವಾಗಿ ನಿಂತಿದೆ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ತಾವೇ ಪದ ರಚಿಸಿ, ತಾವೇ ಹಾಡಿ, ನಾಟಕ ಕಂಪನಿ ನಡೆಸಿದವರು, ಅಪ್ಪಟ ವಾಗ್ಗೇಯಕಾರರು. ಇಂಥ ಪರಂಪರೆಯ ಕಥೆಗೆ ಸಂಗೀತ ಕೊಡುವಾಗ ಕಾಲೇಜು ಹುಡುಗರ ಕವಿಯೆಂದು ಹೆಸರಾದವರು ರಾಗಸಂಗೀತದ ಮಡಿಲಿಗೆ ಹೋದರು. ಆ ಚಿತ್ರ ಹಂಸಲೇಖರಿಗೆ ಅತ್ಯುತ್ತಮ ಸಂಗೀತ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಯನ್ನೂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಅತ್ಯುತ್ತಮ ಗಾಯಕರೆಂಬ ರಾಷ್ಟ್ರಪ್ರಶಸ್ತಿಯನ್ನೂ ತಂದಿತು.

ಹೊಗಳಿಕೆಯನ್ನಷ್ಟೇ ಹೇಳಿ ಮುಗಿಸಿದರೆ ವಿಷಯಕ್ಕೆ ನ್ಯಾಯವಾಗದು. ಎರಡು ಅಧಿಕಾರಗಳು ಒಂದೇ ಕೈಗೆ ಬಂದಾಗ ಒಂದು ಅಪಾಯವೂ ಜೊತೆಗೆ ಬರುತ್ತದೆ. ಕವಿ ಬೇರೆ, ಸಂಗೀತಗಾರ ಬೇರೆ ಆಗಿದ್ದಾಗ ಒಬ್ಬರ ಸಡಿಲನ್ನು ಇನ್ನೊಬ್ಬರು ಹಿಡಿದು ಕೇಳುತ್ತಿದ್ದರು. "ಈ ಪದ ಹಗುರವಾಯಿತು" ಎಂದು ಸಂಗೀತ ನಿರ್ದೇಶಕರೋ, "ಈ ಮಟ್ಟು ಹಳೆಯದು" ಎಂದು ಕವಿಯೋ ಹೇಳುವ ಅವಕಾಶವಿತ್ತು. ಏಕಾಂಗಿಗೆ ಆ ಕಾವಲು ಇಲ್ಲ. ವರ್ಷಕ್ಕೆ ಹಲವಾರು ಚಿತ್ರಗಳನ್ನು ಒಪ್ಪಿಕೊಂಡ ದಿನಗಳಲ್ಲಿ ಹಂಸಲೇಖರ ಪ್ರಾಸ ಕೆಲವೆಡೆ ಚಟವಾಗಿದೆ, ಚಮತ್ಕಾರ ಕೆಲವೆಡೆ ದ್ವಂದ್ವಾರ್ಥಕ್ಕೆ ಜಾರಿದೆ. ಸುಸಂಸ್ಕೃತರು ಮೂಗು ಮುರಿದುದಕ್ಕೆ ಕಾರಣವಿಲ್ಲದಿಲ್ಲ. ಆದರೆ ಹಾಗೆ ಮೂಗು ಮುರಿದವರಲ್ಲಿ ಅನೇಕರು ಹಾಡನ್ನು ಅಚ್ಚಿನಲ್ಲಿಟ್ಟು ಕವಿತೆಯಂತೆ ಓದಿ ತೀರ್ಪು ಕೊಟ್ಟರು. ಧಾತುವನ್ನು ಕಳಚಿ ಮಾತನ್ನು ಮಾತ್ರ ತಕ್ಕಡಿಗೆ ಹಾಕಿದರೆ ಯಾವ ವಾಗ್ಗೇಯಕಾರನೂ ತೂಕಕ್ಕೆ ಬರಲಾರ. ಹಿಂದಿನವರ ಧಾತು ಕಳೆದುಹೋದುದರಿಂದ ನಾವು ಹಾಗೆ ಓದಲು ಒಗ್ಗಿಕೊಂಡೆವು. ಧ್ವನಿಮುದ್ರಿಕೆಯ ಯುಗದವರ ವಿಷಯದಲ್ಲಿ ಆ ನೆಪ ಸಲ್ಲದು. ಪದವೂ ಸ್ವರವೂ ಕೂಡಿಯೇ ಉಳಿದಿರುವ, ಒಬ್ಬನೇ ಕರ್ತೃವಿನ ಇಷ್ಟು ದೊಡ್ಡ ರಾಶಿ ಕನ್ನಡದಲ್ಲಿ ಹಿಂದೆ ಇದ್ದುದು ಕಾಣದು.

ಹಾಡು ಯಾರದು ಎಂಬ ಪ್ರಶ್ನೆಗೆ ಶಾಸ್ತ್ರದ ಮುಖವಿದ್ದಂತೆ ಹಣಕಾಸಿನ ಮುಖವೂ ಇದೆ. 1847ರಲ್ಲಿ ಪ್ಯಾರಿಸಿನ ಒಂದು ಕೆಫೆಯಲ್ಲಿ ಕುಳಿತಿದ್ದ ಎರ್ನೆಸ್ಟ್ ಬೂರ್ಜೆ ಎಂಬ ಗೀತಕಾರ, ತನ್ನ ಸಂಗೀತಗಾರ ಗೆಳೆಯರೊಡನೆ ಕುಡಿದ ಪಾನೀಯಕ್ಕೆ ಹಣ ಕೊಡಲು ನಿರಾಕರಿಸಿದನು. ನಮ್ಮ ಹಾಡುಗಳನ್ನು ಇಲ್ಲಿ ನುಡಿಸಿ ನೀವು ಗಿರಾಕಿಗಳನ್ನು ಸೇರಿಸುತ್ತಿದ್ದೀರಿ, ಅದಕ್ಕೆ ನಮಗೇನನ್ನೂ ಕೊಡುವುದಿಲ್ಲ, ಹಾಗಾದರೆ ನಾವೇಕೆ ಕೊಡಬೇಕು ಎಂಬುದು ಅವನ ವಾದ. ಮೊಕದ್ದಮೆ ನಡೆದು ಅವನೇ ಗೆದ್ದನು. 1851ರಲ್ಲಿ ಗೀತಕಾರರು, ಸಂಗೀತಕಾರರು, ಪ್ರಕಾಶಕರು ಸೇರಿದ ಒಂದು ಸಂಘ ಅಲ್ಲಿ ಸ್ಥಾಪನೆಯಾಯಿತು. ಗೌರವಧನವನ್ನು ಸಂಗ್ರಹಿಸಿ ಹಂಚುವ ಕೆಲಸವನ್ನು ಇಂದಿಗೂ ಮಾಡುತ್ತಿದೆ. ನಮ್ಮಲ್ಲಿ ಅಂಥ ಸಂಸ್ಥೆ ಹುಟ್ಟಿದುದು 1969ರಲ್ಲಿ. ಆದರೆ ಹಣ ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಅದರ ಹಕ್ಕುದಾರನೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಕವಿಗೂ ಸಂಗೀತ ನಿರ್ದೇಶಕನಿಗೂ ಸಂಭಾವನೆಯ ಆಚೆ ಹೆಚ್ಚೇನೂ ಉಳಿಯಲಿಲ್ಲ. ಹಂಸಲೇಖರ ಉಚ್ಛ್ರಾಯದ ಕಾಲವೆಲ್ಲ ಈ ಕಾನೂನಿನ ನೆರಳಿನಲ್ಲಿಯೇ ಕಳೆಯಿತೆಂಬುದನ್ನು ಗಮನಿಸಬೇಕು. ಕೋಟ್ಯಂತರ ಸಲ ಮರುಕಳಿಸಿದ ಹಾಡಾದರೂ ಅದನ್ನು ಕಟ್ಟಿದವನಿಗೆ ಸಂದುದು ಒಂದೇ ಸಲದ ಕೂಲಿ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದು, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ಗೌರವಧನದಲ್ಲಿ ಗೀತಕಾರ ಸಂಗೀತಕಾರರಿಗೆ ಬಿಟ್ಟುಕೊಡಲಾಗದ ಪಾಲು ದೊರೆಯಿತು. ಪ್ಯಾರಿಸಿನ ಆ ಕೆಫೆಯ ಜಗಳಕ್ಕೂ ಇದಕ್ಕೂ ನಡುವೆ ನೂರ ಅರವತ್ತೈದು ವರ್ಷಗಳು.

ಇನ್ನು, ಬೆಂಗಳೂರಿನ ಈ ಹಾಡುಗಾರನ ಕಥೆ ಬೀದರಿನವರಿಗೆ ಏಕೆ ಬೇಕು? ಇಲ್ಲಿ ಕನ್ನಡ ಕಣ್ಣಿಗಿಂತ ಕಿವಿಯ ಮೂಲಕ ಬದುಕಿದ ಭಾಷೆ. 1956ರವರೆಗೆ ಈ ಜಿಲ್ಲೆ ಹೈದರಾಬಾದು ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಅದೇ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದಲ್ಲಿ ಮನೆಮಾತು. ಅಚ್ಚಿನ ಕನ್ನಡ ದುರ್ಲಭವಾಗಿದ್ದ ಆ ದಿನಗಳಲ್ಲಿ ಬೀಸುವ ಕಲ್ಲಿನ ಪದ, ಭಜನೆ, ವಚನ, ಮೊಹರಮ್ಮಿನ ಹಾಡು, ಇವೇ ಭಾಷೆಯನ್ನು ಕಾದವು. ಇಂದಿಗೂ ಬೀದರಿನ ಕೋಟೆಯ ಮಗ್ಗುಲಿನ ಓಣಿಗಳಿಂದ ಚಿದ್ರಿಯವರೆಗೆ, ಭಾಲ್ಕಿಯ ಪೇಟೆಯಿಂದ ಔರಾದಿನ ಗಡಿಹಳ್ಳಿಗಳವರೆಗೆ ಒಂದು ಮಾತುಕತೆ ಕನ್ನಡದಲ್ಲಿ ಮೊದಲಾಗಿ ಮರಾಠಿಯನ್ನೋ ದಖ್ಖನಿಯನ್ನೋ ತೆಲುಗನ್ನೋ ಹಾದು ಮತ್ತೆ ಕನ್ನಡಕ್ಕೆ ಮರಳುತ್ತದೆ. ಇಂಥ ಕಡೆ ಮದುವೆಯ ಮನೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಹಿಂದಿ ಮರಾಠಿ ಹಾಡುಗಳೊಡನೆ ಕನ್ನಡದ ಹಾಡು ಸರಿಸಮನಾಗಿ ನಿಲ್ಲಬೇಕಾದರೆ ಅದರ ಪದ ಕಿವಿಗೆ ತಿಳಿಯಾಗಿ ಬೀಳಬೇಕು. 'ಬಳೆ' ಬಳೆಯಾಗಿಯೇ ಕೇಳಿಸಬೇಕು. ಮಾತನ್ನು ಬಲ್ಲವನೇ ಧಾತುವನ್ನು ಕಟ್ಟಿದಾಗ ಅದು ಸಾಧ್ಯವಾಗುತ್ತದೆ. ಗಡಿನಾಡಿನ ಮಗುವೊಂದು ಅಕ್ಷರ ಕಲಿಯುವ ಮುನ್ನ ಕನ್ನಡದ ಹ್ರಸ್ವದೀರ್ಘಗಳನ್ನು ಹಾಡಿನಿಂದ ಕಲಿಯುತ್ತದೆ. ಈ ಉಪಕಾರವನ್ನು ಯಾವ ಪ್ರಶಸ್ತಿಯ ಪಟ್ಟಿಯೂ ಲೆಕ್ಕ ಹಾಕದು.

ಅವರು ತೆರೆದ ದಾರಿಯಲ್ಲಿ ಬೇರೆಯವರೂ ನಡೆದರು. ಗೀತರಚನಕಾರರಾಗಿದ್ದ ವಿ. ಮನೋಹರ್ ಸಂಗೀತ ನಿರ್ದೇಶಕರೂ ಆಗಿ 1996ರ 'ಜನುಮದ ಜೋಡಿ'ಯಂಥ ಚಿತ್ರವನ್ನು ಕೊಟ್ಟರು, ಕೆ. ಕಲ್ಯಾಣ್ 1999ರ 'ಚಂದ್ರಮುಖಿ ಪ್ರಾಣಸಖಿ'ಗೆ ಪದವನ್ನೂ ಸ್ವರವನ್ನೂ ಒದಗಿಸಿದರು. ಹಂಸಲೇಖರು 2005ರ 'ನೆನಪಿರಲಿ' ಚಿತ್ರದ ಹೊತ್ತಿಗೆ ಮತ್ತೊಂದು ತಲೆಮಾರಿನ ಯುವಕರ ಬಾಯಲ್ಲಿದ್ದರು. ದೇಸಿ ಕಲೆಗಳ ಶಿಕ್ಷಣಕ್ಕೆಂದು ವಿದ್ಯಾಸಂಸ್ಥೆಯನ್ನು ಕಟ್ಟಿದರು. ದೂರದರ್ಶನದ ಗಾಯನ ಸ್ಪರ್ಧೆಗಳಲ್ಲಿ ಮಕ್ಕಳಿಗೆ ಗುರುವಾಗಿ ಕುಳಿತರು. 2023ರ ಮೈಸೂರು ದಸರೆಯನ್ನು ಉದ್ಘಾಟಿಸುವ ಗೌರವ ಅವರದಾಯಿತು. ಅರಮನೆಯ ವಿದ್ವಾಂಸರ ಸಂಗೀತಕ್ಕೆ ಹೆಸರಾದ ಆ ಉತ್ಸವ ಲಾವಣಿಯ ಶಿಷ್ಯನೊಬ್ಬನ ಕೈಯಿಂದ ಆರಂಭವಾದುದು ಔಚಿತ್ಯಪೂರ್ಣವೇ ಸರಿ.

ಶಾರ್ಙ್ಗದೇವನ ತಕ್ಕಡಿಯಲ್ಲಿ ಹಂಸಲೇಖರು ಎಲ್ಲಿ ನಿಲ್ಲುತ್ತಾರೆ? ಎಲ್ಲ ಹಾಡುಗಳಲ್ಲಿ ಅವರು ಉತ್ತಮರಲ್ಲ. ಕೆಲವೆಡೆ ಮಧ್ಯಮರು, ಅವಸರದ ಕೆಲವೆಡೆ ಅದಕ್ಕೂ ಕೆಳಗೆ. ಆದರೆ ಕುಟ್ಟಿಕಾರನ ಸ್ಥಾನದಿಂದ ಹೊರಟು ವಾಗ್ಗೇಯಕಾರನ ಪೀಠದವರೆಗೆ ಒಂದೇ ಜೀವಮಾನದಲ್ಲಿ ನಡೆದುಬಂದರು ಎಂಬುದು ಸಣ್ಣ ಮಾತಲ್ಲ. ಈಗ ಆಗಬೇಕಾದ ಕೆಲಸ ನಮ್ಮದು. ಚಿತ್ರಗೀತೆಗಳ ಸಾಹಿತ್ಯವನ್ನು ಸಂಕಲಿಸಿ ಅಚ್ಚು ಹಾಕುವವರು ಇದ್ದಾರೆ. ಅವುಗಳ ಸ್ವರಲಿಪಿಯನ್ನೂ ಪಕ್ಕದಲ್ಲಿಟ್ಟು, ಮೂಲ ಧ್ವನಿಮುದ್ರಿಕೆಗಳನ್ನು ಜೋಪಾನ ಮಾಡಿ, ಮಾತನ್ನೂ ಧಾತುವನ್ನೂ ಕೂಡಿಸಿ ಅಭ್ಯಾಸ ಮಾಡುವ ಏರ್ಪಾಡು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆಯಬೇಕು. ಪುರಂದರದಾಸರ ಕಂಠ ಹೇಗಿತ್ತೆಂದು ನಾವು ಊಹಿಸುತ್ತ ಕುಳಿತಿದ್ದೇವೆ. ನಮ್ಮ ಕಾಲದ ಹಾಡುಗಳ ವಿಷಯದಲ್ಲಿ ಮುಂದಿನವರು ಹಾಗೆ ಊಹಿಸುತ್ತ ಕೂರುವಂತಾಗಬಾರದು.